ತಗಡಿನ ಮೇಲಿನ ಅಶ್ವಶಕ್ತಿ

ಅಳತೆ ನೆಟ್ಟಗಿರದ ಕಡೆ ಸ್ಪರ್ಧೆಯೂ ನೆಟ್ಟಗಿರದು. ಈ ಮಾತು ಅಂಗಡಿಯ ತಕ್ಕಡಿಗೆ ಹೇಗೋ ಮೋಟಾರು ಕಾರುಗಳ ಓಟಕ್ಕೂ ಹಾಗೆಯೇ ಸಲ್ಲುತ್ತದೆ. ಕಾರಿನ ಓಟವೆಂಬುದು ಶ್ರೀಮಂತರ ವಿಲಾಸ, ಹೋಟೆಲಿನಲ್ಲಿ ದುಡಿಯುವವರಿಗೂ ಗುಮಾಸ್ತರಿಗೂ ಅದರಿಂದ ಆಗಬೇಕಾದ್ದೇನು ಎಂದು ವಾಚಕರು ಕೇಳಬಹುದು. ಆದರೆ ಆ ಕಣದಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ತಕರಾರು ಸ್ವಂತ ದುಡಿಮೆಯನ್ನೇ ನಂಬಿದವನ ತಕರಾರು. ಆದಕಾರಣ ಅದನ್ನು ಇಲ್ಲಿ ವಿವರಿಸಬಯಸುತ್ತೇವೆ.

ನಮ್ಮ ಕರಾವಳಿಯ ಮಿತ್ರರು ಕಂಬಳವನ್ನು ಬಲ್ಲರು. ಹಗ್ಗವಾಗಲಿ ನೇಗಿಲಾಗಲಿ, ಕಿರಿಯ ಕೋಣಗಳಿಗೆ ಒಂದು ವಿಭಾಗ, ಹಿರಿಯ ಕೋಣಗಳಿಗೆ ಇನ್ನೊಂದು. ಇತ್ತ ಕೃಷ್ಣಾ, ಗುಂಟೂರು ಸೀಮೆಯಲ್ಲಿ ಒಂಗೋಲು ಎತ್ತುಗಳು ಬಂಡೆ ಎಳೆಯುವ ಪಂದ್ಯಗಳಲ್ಲಿ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ವಿಭಾಗ ಗೊತ್ತುಮಾಡುತ್ತಾರೆ. ಬಲ ಸಮನಾದವರೊಳಗೆ ಪಂದ್ಯವಾಗಬೇಕೆಂಬುದೇ ಇದರ ಉದ್ದೇಶ. ಎತ್ತಿನ ಹಲ್ಲನ್ನು ಎಣಿಸಬಹುದು; ಯಂತ್ರದ ಹಲ್ಲನ್ನು ಎಣಿಸುವವರಾರು?

ಅಮೆರಿಕದಲ್ಲಿ ಕಾಲು ಮೈಲಿಯ, ಅಂದರೆ ಸುಮಾರು 402 ಮೀಟರುಗಳ ನೇರ ಹಾದಿಯಲ್ಲಿ ಎರಡೆರಡು ಕಾರುಗಳನ್ನು ಓಡಿಸುವ ಡ್ರ್ಯಾಗ್ ರೇಸ್ ಎಂಬ ಪಂದ್ಯವಿದೆ. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ಸ್ಥಾಪಿಸಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಇದರ ಮುಖ್ಯ ಸಂಸ್ಥೆ. ಅಲ್ಲಿಯ ‘ಸ್ಟಾಕ್’ ಕಾರುಗಳ ಲೆಕ್ಕ ಸರಳವಾದುದು. ಕಾರಿನ ತೂಕವನ್ನು ಅದರ ಅಶ್ವಶಕ್ತಿಯಿಂದ ಭಾಗಿಸಿ, ಬಂದ ಸಂಖ್ಯೆಯಂತೆ ವರ್ಗ ನಿಶ್ಚಯಿಸುತ್ತಾರೆ. ಉದಾಹರಣೆಗೆ, 3,350 ಪೌಂಡು ತೂಗುವ ಕಾರಿಗೆ 335 ಅಶ್ವಶಕ್ತಿಯೆಂದರೆ, ಒಂದು ಅಶ್ವಶಕ್ತಿಗೆ 10 ಪೌಂಡು. ಅದೇ ಕಾರನ್ನು 360 ಎಂದು ಎಣಿಸಿದರೆ, ಅದೇ ವರ್ಗದಲ್ಲಿ ಉಳಿಯಲು ಅದು 250 ಪೌಂಡು ಹೆಚ್ಚು ಹೊರಬೇಕಾಗುತ್ತದೆ. ಆದುದರಿಂದ ಶಕ್ತಿಯನ್ನು ಕಡಿಮೆ ಬರೆಸಿದವನಿಗೇ ಲಾಭ.

ಇದು ಬರಿಯ ಊಹೆಯಲ್ಲ. 1968ರಲ್ಲಿ ಫೋರ್ಡ್ ಕಂಪನಿಯು ತನ್ನ ಮಸ್ಟಾಂಗ್ ಕಾರಿನ ಕೋಬ್ರಾ ಜೆಟ್ ಎಂಜಿನಿಗೆ 335 ಅಶ್ವಶಕ್ತಿಯೆಂದು ಬರೆಯಿತು. ಪಂದ್ಯದಲ್ಲಿ ಅದರ ಓಟ ಕಂಡ ಸಂಸ್ಥೆಯವರು ಆ ಅಂಕಿಯನ್ನು ಒಪ್ಪದೆ ಅದನ್ನು 360ಕ್ಕೆ ಏರಿಸಿದರು. ನಿಜವಾದ ಶಕ್ತಿ 400ಕ್ಕೂ ಮೇಲೆಂಬುದು ಬಲ್ಲವರ ಅಂದಾಜು. ಕೊಂಡಪಲ್ಲಿಯ ಪೊಣಿಕಿ ಮರದ ಆನೆಗೆ ಎಷ್ಟು ಬಣ್ಣ ಬಳಿದರೂ ಅದು ದಿಮ್ಮಿ ಎಳೆಯದು. ಹಾಗೆಯೇ ನಿಜವಾದ ಆನೆಯನ್ನು ಗೊಂಬೆಯೆಂದು ಕರೆದ ಮಾತ್ರಕ್ಕೆ ಅದರ ಬಲವೂ ತಗ್ಗದು.

ಇಂಥ ಜಾಣತನ ನಮ್ಮ ನಾಡಿಗೂ ಹೊಸತಲ್ಲ. 1980ರ ದಶಕದಲ್ಲಿ ಆಂಧ್ರದಲ್ಲಿ ನೀರಾವರಿ ಪಂಪಿನ ವಿದ್ಯುತ್ತಿಗೆ ಮೀಟರನ್ನು ಬಿಟ್ಟು ಅಶ್ವಶಕ್ತಿಯ ಲೆಕ್ಕದಲ್ಲಿ ಶುಲ್ಕ ವಿಧಿಸಿದಾಗ, ತಗಡಿನ ಮೇಲೆ ಕಡಿಮೆ ಶಕ್ತಿ ಕೆತ್ತಿದ ಮೋಟಾರುಗಳು ಹೊಲಗಳಲ್ಲಿ ಕಾಣಿಸಿಕೊಂಡವು. ತಗಡಿನ ಅಂಕಿಯಿಂದ ಲಾಭವಿರುವ ಕಡೆ ತಗಡು ಸುಳ್ಳಾಡುವುದು ಲೋಕರೂಢಿ.

2008ರಲ್ಲಿ ಫೋರ್ಡ್ ಕಂಪನಿಯು ಕೋಬ್ರಾ ಜೆಟ್ ಹೆಸರನ್ನು ಮತ್ತೆ ತಂದು, ಪಂದ್ಯಕ್ಕೆಂದೇ ಸಿದ್ಧವಾದ ಕಾರುಗಳನ್ನು ಕಾರ್ಖಾನೆಯಿಂದ ಹೊರತಂದಿತು. 2012ರಲ್ಲಿ ಷೆವ್ರೊಲೆಯ ಕೋಪೋ ಕಮಾರೋ 69 ಮಾತ್ರ ತಯಾರಾಯಿತು. ಇವುಗಳಿಗೆ ಹಚ್ಚಿದ ಅಶ್ವಶಕ್ತಿ ಕಡಿಮೆಯೆಂಬ ಕೂಗು ಹಳೆಯ ಕಾರಿನವರಿಂದ ಎದ್ದಿತು. ನಲವತ್ತು ವರ್ಷದ ಕಾರನ್ನು ಸ್ವಂತ ಕೈಯಿಂದ ತಿದ್ದಿ ತೀಡಿದವನ ಮುಂದೆ, ಹಣ ತೆತ್ತು ಕಾರ್ಖಾನೆಯ ಕಾರನ್ನು ತಂದವನು ನಿಲ್ಲುವಾಗ ಆ ಕೂಗು ಸಹಜವೇ.

ಸಂಸ್ಥೆಯಲ್ಲಿ ಒಂದು ತಿದ್ದುಪಡಿಯ ಕ್ರಮವಿದೆ. ಕಾರು ಗೊತ್ತಾದ ಕಾಲಕ್ಕಿಂತ ತೀರ ಬೇಗ ಓಡಿದರೆ, ಅದರ ಅಶ್ವಶಕ್ತಿಯ ಅಂಕಿ ಏರುತ್ತದೆ. ಇದರಲ್ಲಿ ಎರಡು ದೋಷಗಳನ್ನು ಕಾಣುತ್ತೇವೆ. ಒಂದು, ಗೆಲ್ಲುವ ಗೆರೆಯ ಬಳಿ ವೇಗ ತಗ್ಗಿಸಿ ಬಲ ಬಚ್ಚಿಡುವವನು ಪಾರಾಗುತ್ತಾನೆ. ಮುಚ್ಚುಮರೆಯಿಲ್ಲದೆ ಓಡಿಸಿದವನು ಭಾರ ಹೊರುತ್ತಾನೆ. ಎರಡು, ಒಬ್ಬನ ಓಟದಿಂದ ಏರಿದ ಅಂಕಿ ಅದೇ ಮಾದರಿಯ ಎಂಜಿನು ಇರುವ ದೂರದೂರಿನವನ ಮೇಲೂ ಬೀಳುತ್ತದೆ. ಯಾರೋ ಉಂಡ ಊಟಕ್ಕೆ ಇನ್ಯಾರದೋ ಬಿಲ್ಲು!

ನಮ್ಮ ದೇಶದಲ್ಲಿಯೂ ಈ ವಿಚಾರ ಅಪ್ರಸ್ತುತವಲ್ಲ. ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯಲ್ಲಿ ಡ್ರ್ಯಾಗ್ ರೇಸುಗಳು ನಡೆದಿವೆ. ಇಲ್ಲಿ ವರ್ಗಗಳನ್ನು ಎಂಜಿನಿನ ಗಾತ್ರದಿಂದ, ಅಂದರೆ ಸಿ.ಸಿ.ಯಿಂದ ಎಣಿಸುವುದು ರೂಢಿ. ಆದರೆ ಹುಂಡೈ ವೆನ್ಯೂ ಕಾರಿನಲ್ಲಿ 1,197 ಸಿ.ಸಿ.ಯ ಎಂಜಿನು ಸುಮಾರು 83 ಅಶ್ವಶಕ್ತಿ ಕೊಟ್ಟರೆ, ಟರ್ಬೋ ಅಳವಡಿಸಿದ 998 ಸಿ.ಸಿ.ಯ ಎಂಜಿನು 120 ಕೊಡುತ್ತದೆ. ಚಿಕ್ಕದೇ ಬಲಿಷ್ಠವಾದ ಮೇಲೆ ಗಾತ್ರವೊಂದನ್ನೇ ನಂಬುವುದೆಂತು? ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯು ಟರ್ಬೋ ಎಂಜಿನಿನ ಗಾತ್ರವನ್ನು 1.7ರಿಂದ ಗುಣಿಸಿ ಎಣಿಸುವ ನಿಯಮ ಮಾಡಿದ್ದು ಇದರಿಂದಲೇ.

ನಮ್ಮ ಅಭಿಪ್ರಾಯ ಇಷ್ಟೇ. ಹೊಸ ಕಾರು ಕಣಕ್ಕಿಳಿಯುವ ಮೊದಲೇ ಪಕ್ಷಪಾತವಿಲ್ಲದ ಪರೀಕ್ಷಕರು ಅದರ ಶಕ್ತಿಯನ್ನು ಯಂತ್ರದಲ್ಲಿಟ್ಟು ಅಳೆಯಲಿ. ಸಂದೇಹವಿದ್ದರೆ ಅಂಕಿ ಮೇಲಿನಿಂದ ಆರಂಭವಾಗಲಿ. ಅದು ಹೆಚ್ಚಾಯಿತೆಂದು ರುಜುವಾತು ಮಾಡುವ ಹೊಣೆ ಕಾರ್ಖಾನೆಯದಾಗಲಿ. ಹೀಗಾದರೆ ಹೊಸ ಕಾರು ಕೊಳ್ಳುವವರು ಹಿಂಜರಿದಾರು ಎಂಬ ಆಕ್ಷೇಪವುಂಟು. ಆದರೆ ಕಾರ್ಖಾನೆಗೆ ಪರೀಕ್ಷಾಲಯವಿದೆ, ಇಂಜಿನಿಯರರಿದ್ದಾರೆ, ವಕೀಲರಿದ್ದಾರೆ; ಸಂಬಳದಲ್ಲಿ ಉಳಿಸಿ ಕಾರು ತಿದ್ದುವವನಿಗೆ ಇರುವುದು ರಾತ್ರಿಯ ಬಿಡುವು ಮಾತ್ರ. ರುಜುವಾತಿನ ಭಾರವನ್ನು ಹೊರಬಲ್ಲವನ ಮೇಲೆ ಹೊರಿಸುವುದೇ ನ್ಯಾಯ.