ಸೋಫಾದ ತುದಿಗೆ ತಲುಪದ ಮಾತು

‘ಶೋಲೆ’ 1975ರಲ್ಲಿ ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಮಿನರ್ವಾದಲ್ಲಿ ತೆರೆಕಂಡು ಐದು ವರ್ಷ ಓಡಿತು. ನಮ್ಮ ರಾಮನಗರದ ಬಂಡೆಗಳ ನಡುವೆ ಅಬ್ಬರಿಸಿದ ಗಬ್ಬರನ ದನಿ ಅಲ್ಲಿ ಪರದೆಯ ಹಿಂದಿನಿಂದ ಬರುತ್ತಿತ್ತು. ಚಿತ್ರಮಂದಿರದ ಪರದೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ನಡುವಿನ ಸ್ಪೀಕರು ನಟನ ಬಾಯಿಯ ಹಿಂದೆಯೇ ನೆಟ್ಟಗೆ ನಿಲ್ಲಬಹುದು.

ಮನೆಯ ಟಿವಿಯಲ್ಲಿ ತೂತಿಲ್ಲ. ಹಾಗಾಗಿ ಸೆಂಟರ್ ಸ್ಪೀಕರನ್ನು ಅದರ ಕೆಳಗೆ ಅಡ್ಡ ಮಲಗಿಸುತ್ತೇವೆ. 5.1 ವ್ಯವಸ್ಥೆಯಲ್ಲಿ ಸಂಭಾಷಣೆಯ ಬಹುಪಾಲು ಹೊರಡುವುದು ಇದೊಂದರಿಂದಲೇ. ನಡುವೆ ಕೀಚು ಸದ್ದಿನ ಟ್ವೀಟರ್, ಎಡಬಲಕ್ಕೆ ಅದಕ್ಕಿಂತ ತಗ್ಗಿನ ಸದ್ದಿನ ಒಂದೊಂದು ವೂಫರ್: ಅದೇ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಮಾದರಿ ಇದು. ನೋಡಲು ಲಕ್ಷಣವಾಗಿದೆ, ತಕರಾರು ಇರುವುದೂ ಅಲ್ಲೇ.

1500 ಹರ್ಟ್ಸ್ ನಾದದ ತರಂಗಾಂತರ ಸುಮಾರು 23 ಸೆಂ.ಮೀ. ವೂಫರುಗಳ ಕೇಂದ್ರಗಳ ನಡುವೆ 34 ಸೆಂ.ಮೀ. ಅಂತರವಿದೆ ಎನ್ನಿ. ನೇರ ಎದುರಿಗೆ ಕೂತವರಿಗೆ ಎರಡರ ಸದ್ದೂ ಒಟ್ಟಿಗೆ ಮುಟ್ಟುತ್ತದೆ. 20 ಡಿಗ್ರಿ ಪಕ್ಕಕ್ಕೆ ಸರಿದರೆ ಒಂದರ ಸದ್ದು ಇನ್ನೊಂದಕ್ಕಿಂತ ಅರ್ಧ ತರಂಗಾಂತರ ಹಿಂದೆ ಬೀಳುತ್ತದೆ. ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಸೇರಿ ಸದ್ದು ಸೊರಗುತ್ತದೆ. ಮಾತಿನ ಸ್ಪಷ್ಟತೆ ನಿಂತಿರುವುದು ಮುಖ್ಯವಾಗಿ 1000ದಿಂದ 4000 ಹರ್ಟ್ಸ್‌ನೊಳಗೆ! ದೊಡ್ಡ ಹಜಾರದಲ್ಲಿ ಈ ಸೊರಗು ಅಷ್ಟಾಗಿ ಕಾಡದು. ಆದರೆ ಮುಂಬೈಯ ಫ್ಲ್ಯಾಟಿನಲ್ಲಿ ಸೋಫಾಕ್ಕೂ ಟಿವಿಗೂ ಏಳೇ ಅಡಿ. ಅಷ್ಟು ಹತ್ತಿರದಲ್ಲಿ 20 ಡಿಗ್ರಿ ಎಂದರೆ ನಡುವಿನಿಂದ ಎರಡೂವರೆ ಅಡಿ, ಅಂದರೆ ಸೋಫಾದ ತುದಿ. ಅಲ್ಲಿ ಕೂತ ಅಜ್ಜಿ “ಏನಂದ?” ಎಂದು ಕೇಳಿದರೆ ಕಿವಿಯನ್ನು ದೂರುವ ಮುನ್ನ ಸ್ಪೀಕರನ್ನು ನೋಡಿ.

ಹಾಗಾಗಿ ಎದುರಿನಿಂದ ತೆಗೆದ ಒಂದೇ ಗ್ರಾಫ್ ತೋರಿಸುವ ಕಂಪನಿಯನ್ನು ನಾನು ನಂಬುವುದಿಲ್ಲ. ಸ್ಪೀಕರುಗಳನ್ನು ಅಳೆಯುವ ಸಿಟಿಎ-2034 ಮಾನದಂಡದಲ್ಲಿ ಅಡ್ಡಕ್ಕೂ ಉದ್ದಕ್ಕೂ 10 ಡಿಗ್ರಿಗೊಂದರಂತೆ 70 ಅಳತೆಗಳಿರುತ್ತವೆ. ಪಕ್ಕದ ಗೆರೆಗಳು ಎದುರಿನ ಗೆರೆಯಂತೆಯೇ ಸಾಗಿದರೆ ಒಳ್ಳೆಯ ಲಕ್ಷಣ.

ಎರಡು ಸ್ಪೀಕರುಗಳನ್ನು ಕಿವಿಯಿಂದ ಹೋಲಿಸುವುದಾದರೆ ಮೊದಲು ಎರಡರ ಸದ್ದನ್ನೂ ಸಮಮಾಡಿ. ಒಂದು ಡೆಸಿಬೆಲ್ ಜೋರಿದ್ದದ್ದೂ ‘ಉತ್ತಮ’ ಎನಿಸಿಬಿಡುತ್ತದೆ. ಸ್ಪೀಕರು ಕಣ್ಣಿಗೆ ಕಂಡರೆ ಕೇಳುಗರ ಅಂಕಗಳು ಬದಲಾಗುತ್ತವೆಂದು ಫ್ಲಾಯ್ಡ್ ಟೂಲ್, ಶಾನ್ ಆಲಿವ್ 1994ರಲ್ಲೇ ತೋರಿಸಿದ್ದಾರೆ. ತೆಳು ಬಟ್ಟೆಯ ಪರದೆ ಇಳಿಬಿಡಿ. ‘ಪಿಂಕ್ ನಾಯ್ಸ್’ ಎಂಬ ಸುಯ್ಯೆನ್ನುವ ಸದ್ದು ಹಾಕಿ, ಸೋಫಾದ ಈ ತುದಿಯಿಂದ ಆ ತುದಿಗೆ ಸರಿಯಿರಿ. ಸದ್ದಿನ ಬಣ್ಣ ಬದಲಾದರೆ ದೋಷ ತಾನಾಗಿ ತಿಳಿಯುತ್ತದೆ.

ಟ್ವೀಟರಿನ ಕೆಳಗೇ ಪುಟ್ಟ ಮಿಡ್‌ರೇಂಜ್ ಇರುವ ಮೂರು ದಾರಿಯ (ತ್ರೀ-ವೇ) ಮಾದರಿಗಳಲ್ಲಿ ಈ ಕಾಟ ಬಹಳ ಕಡಿಮೆ, ಬೆಲೆ ಹೆಚ್ಚು. ಟಿವಿಯನ್ನು ಎತ್ತರಿಸಲಾದರೆ ಎಡಬಲದ ಸ್ಪೀಕರುಗಳದ್ದೇ ಜಾತಿಯ ಮೂರನೆಯದನ್ನು ನೆಟ್ಟಗೆ ನಿಲ್ಲಿಸುವುದು ನನ್ನ ಆಯ್ಕೆ. ಆದರೆ ಅಂಗಡಿಯವರು ಅವನ್ನು ಸಾಮಾನ್ಯವಾಗಿ ಜೋಡಿಯಾಗಿಯೇ ಮಾರುತ್ತಾರೆ. ನಾಲ್ಕನೆಯದಕ್ಕೂ ಜಾಗ ಹುಡುಕಬೇಕು.