ಎದುರು ನಿಂತವನೂ ತಪ್ಪಿತಸ್ಥನೇ?



ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಸ್ಸಿನಲ್ಲಿ ಬಳ್ಳಾರಿಯ ಶಾಲೆಗೆ ಬರುವ ಏಳನೆಯ ತರಗತಿಯ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಹಿರಿಯ ಹುಡುಗನೊಬ್ಬ ದಿನವೂ ಬೆದರಿಸಿ ತನ್ನ ಚೀಲ ಹೊರಿಸುತ್ತಾನೆ, ಎಲ್ಲರೆದುರು ಅಣಕಿಸುತ್ತಾನೆ. ಒಂದು ದಿನ ಇವನು ಚೀಲ ಎಸೆದು ಅವನನ್ನು ತಳ್ಳುತ್ತಾನೆ. 'ಜಗಳವಾಡಿದವರೆಲ್ಲ ಹೊರಗೆ' ಎಂಬ ನಿಯಮದಂತೆ ಶಾಲೆ ಇಬ್ಬರನ್ನೂ ಹೊರಹಾಕುತ್ತದೆ. ಇದು ನ್ಯಾಯವೇ?

ಕಾನೂನು ಒಪ್ಪುವುದಿಲ್ಲ. ಕರ್ನಾಟಕ ಶಿಕ್ಷಣ ಅಧಿನಿಯಮ, 1983ರ ಪ್ರಕಾರ, ತಮಾಷೆಗೇ ಆದರೂ ವಿದ್ಯಾರ್ಥಿಯನ್ನು ಬೆದರಿಸಿ ಘನತೆಗೆ ಕುಂದು ತರುವ ಕೆಲಸ ಮಾಡಿಸುವುದು ರ‍್ಯಾಗಿಂಗ್. ಅದು ದಂಡನಾರ್ಹ ಅಪರಾಧ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ.

ಶಿಸ್ತು ಬೇಕು, ನಿಜ. ಆದರೆ ಯಾರು ಆರಂಭಿಸಿದರು, ಎಷ್ಟು ದಿನದಿಂದ ನಡೆದಿದೆ ಎಂದು ವಿಚಾರಿಸದೆ ಕೊಡುವ ಶಿಕ್ಷೆ ಪೀಡಕನಿಗೇ ಅನುಕೂಲ. ದೂರಿದರೆ ತನಗೂ ಶಿಕ್ಷೆಯಾದೀತೆಂದು ನೊಂದವನು ಬಾಯಿ ಮುಚ್ಚಿಕೊಳ್ಳುತ್ತಾನೆ.

ಎದುರಿಸುವುದೆಂದರೆ ಹೊಡೆಯುವುದಲ್ಲ. 'ಮಾಡುವುದಿಲ್ಲ' ಎಂದು ಗಟ್ಟಿಯಾಗಿ ಹೇಳಿ. ನಡೆದದ್ದನ್ನು ದಿನಾಂಕ ಹಾಕಿ ಬರೆದಿಡಿ. ಉಪಾಧ್ಯಾಯರಿಗೂ ಮನೆಯವರಿಗೂ ತಿಳಿಸಿ. ಮಕ್ಕಳ ಸಹಾಯವಾಣಿ 1098. ಕಾಲೇಜು ವಿದ್ಯಾರ್ಥಿಗಳಿಗೆ ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522.

ಇನ್ನು, ಪಕ್ಕದಲ್ಲಿ ನಿಂತು ನೋಡಿದವರು ನೀವಾಗಿದ್ದರೆ, ಕಂಡದ್ದನ್ನು ಹೇಳಿ. ನಿಮ್ಮ ಒಂದು ಮಾತಿನಿಂದ ಆ ಹುಡುಗನ ಓದು ಉಳಿದೀತು.