ದಾನದ ಹಣ ಸಂಬಳಕ್ಕೆ ಹೋದರೆ ತಪ್ಪೇನು?

ಸಂಕಷ್ಟದಲ್ಲಿರುವ ಮಕ್ಕಳಿಗೆ ಮತ್ತು ಅವರ ಮನೆಯವರಿಗೆ ಆಪ್ತಸಮಾಲೋಚನೆ ನೀಡುವ ಸಂಸ್ಥೆಯೊಂದು ದೇಣಿಗೆ ಕೇಳಲು ಹೋದರೆ ದಾನಿಗಳಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ: ಇದರಲ್ಲಿ ಸಂಬಳಕ್ಕೆ ಎಷ್ಟು ಹೋಗುತ್ತದೆ? ಹೆಚ್ಚಿನ ಪಾಲು ಅದಕ್ಕೇ ಎಂದರೆ ಮುಖ ಸಪ್ಪಗಾಗುತ್ತದೆ. ದಾನ ಮಾಡಿದ್ದು ಅನ್ನವಾಗಿ, ಪುಸ್ತಕವಾಗಿ, ಕಡೆಗೆ ಒಂದು ಕೊಠಡಿಯಾಗಿಯಾದರೂ ಕಣ್ಣಿಗೆ ಕಾಣಬೇಕು, ಸಂಬಳಕ್ಕೆ ಹೋದದ್ದು ನಡುವೆ ಸೋರಿಹೋದಂತೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸುವ ನಾಡು ನಮ್ಮದು. ಈ ನಂಬಿಕೆಯಿಂದ ಆದ ಒಳಿತನ್ನು ಅಲ್ಲಗಳೆಯುವಂತಿಲ್ಲ. ಸಿದ್ಧಗಂಗೆಯಂಥ ಮಠಗಳ ದಾಸೋಹದಲ್ಲಿ ಉಂಡು ಓದಿದ ಬಡಮಕ್ಕಳಿಗೆ ಲೆಕ್ಕವಿಲ್ಲ. ಆದರೆ ಅದೇ ಅಳತೆಗೋಲನ್ನು ಮನಸ್ಸಿನ ಆರೈಕೆಗೂ ಹಿಡಿದರೆ ಲೆಕ್ಕ ತಪ್ಪುತ್ತದೆ. ಇಲ್ಲಿ ಕಟ್ಟಡ, ಉಪಕರಣಗಳಿಗಿಂತ ಮೊದಲು ಬೇಕಾದದ್ದು ವಾರವಾರವೂ ತಪ್ಪದೆ ಬಂದು ಮಗುವಿನ ಪಕ್ಕದಲ್ಲಿ ಕೂರುವ, ತರಬೇತಿ ಪಡೆದ ಒಂದು ಜೀವ. ಆ ಜೀವದ ಸಂಬಳವೇ ಇಲ್ಲಿ ಸೇವೆಯ ಖರ್ಚು.

ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮನೆಯಲ್ಲಿ ಕುಡಿತ, ಹೊಡೆತ ಕಂಡ ಎಂಟು ವರ್ಷದ ಮಗು ಶಾಲೆಯಲ್ಲಿ ಮಾತು ನಿಲ್ಲಿಸಿದೆ ಎಂದುಕೊಳ್ಳಿ. ಮೊದಲ ಕೆಲವು ಭೇಟಿಗಳಲ್ಲಿ ಆಪ್ತಸಮಾಲೋಚಕಿ ಪ್ರಶ್ನೆಯನ್ನೇ ಕೇಳುವುದಿಲ್ಲ. ನೆಲದ ಮೇಲೆ ಕಾಗದ, ಬಣ್ಣದ ಕಡ್ಡಿ ಹರಡಿಕೊಂಡು ತಾನೂ ಗೀಚುತ್ತಾಳೆ. ಮನೆಯವರ ಚಿತ್ರ ಬರೆ ಎಂದಾಗ ಮಗು ಅಪ್ಪನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಬರೆದರೆ, ಯಾಕೆ ಎಂದು ಕೇಳುವ ಆತುರವನ್ನು ತಡೆದುಕೊಳ್ಳುತ್ತಾಳೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವ ತಾಯಿಯನ್ನು ಕಾಣಲು ಸಂಜೆ ಏಳರ ಮೇಲೆ ಮನೆಗೆ ಹೋಗಬೇಕು. ತರಗತಿಯ ಮೇಷ್ಟ್ರ ಜೊತೆ ಮಾತಾಡಬೇಕು. ಅಪ್ಪನನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಹೋಗಲು ಒಪ್ಪಿಸಬೇಕು. ಇದರಲ್ಲಿ ಒಂದೂ ಫೋಟೋ ತೆಗೆದು ದಾನಿಗೆ ಕಳಿಸುವಂಥದ್ದಲ್ಲ, ಕಳಿಸಲೂಬಾರದು. ಆರು ತಿಂಗಳಿಗೆ ಯೋಜನೆಯ ಹಣ ಮುಗಿದು ಆಕೆ ಬರುವುದು ನಿಂತರೆ, ನಂಬಿದ ದೊಡ್ಡವರು ಬಿಟ್ಟುಹೋಗುತ್ತಾರೆ ಎಂಬ ಹಳೆಯ ಪಾಠವನ್ನೇ ಆ ಮಗು ಇನ್ನೊಮ್ಮೆ ಕಲಿಯುತ್ತದೆ.

ಸಂಬಳಕ್ಕೆ ಹಣ ಕೊಡಲು ಕಾನೂನೇ ಬಿಡುವುದಿಲ್ಲ ಎಂಬ ಮಾತೂ ಕಂಪನಿಗಳ ವಲಯದಲ್ಲಿ ಓಡಾಡುತ್ತಿದೆ. 2013ರ ಕಂಪನಿ ಕಾಯ್ದೆಯಂತೆ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು. ಅದರಲ್ಲಿ ಆಡಳಿತ ವೆಚ್ಚ ಶೇ 5 ಮೀರುವಂತಿಲ್ಲ. ಆದರೆ ಈ ಮಿತಿ ಇರುವುದು ಕಂಪನಿಯೊಳಗಿನ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ. ಯೋಜನೆಯೊಂದನ್ನು ರೂಪಿಸಿ ನಡೆಸುವ ನೇರ ಖರ್ಚು ಇದರೊಳಗೆ ಬರುವುದಿಲ್ಲ ಎಂದು 2021ರ ತಿದ್ದುಪಡಿ ನಿಯಮಗಳೇ ಹೇಳುತ್ತವೆ. ಮಗುವಿನೊಂದಿಗೆ ಕೂರುವ ಸಮಾಲೋಚಕಿಯ ಸಂಬಳ ಆ ನೇರ ಖರ್ಚೇ. ಶಾಲೆಗೆ ಹಣ ಕೊಟ್ಟಾಗ ಮೇಷ್ಟ್ರ ಸಂಬಳವನ್ನು ಯಾರೂ ಪೋಲು ಎನ್ನುವುದಿಲ್ಲವಲ್ಲ.

ಹೇಗೂ ಶಿಕ್ಷಕರಿದ್ದಾರೆ, ಅವರಿಗೇ ಎರಡು ದಿನ ತರಬೇತಿ ಕೊಟ್ಟರಾಯಿತು, ಬೇರೆ ಸಂಬಳ ಯಾಕೆ ಎನ್ನುವವರಿದ್ದಾರೆ. ಈ ಪ್ರಶ್ನೆಗೆ ಬಿಹಾರದ ನಳಂದ ಜಿಲ್ಲೆಯಲ್ಲಿ ಉತ್ತರ ಸಿಕ್ಕಿದೆ. 70ಕ್ಕೂ ಹೆಚ್ಚು ಸರ್ಕಾರಿ ಪ್ರೌಢಶಾಲೆಗಳಲ್ಲಿ, ಗೋವಾದ ಸಂಗಾತ್ ಸಂಸ್ಥೆಯ ಸಂಶೋಧಕರು 'ಸೆಹರ್' ಎಂಬ ಒಂದೇ ಕಾರ್ಯಕ್ರಮವನ್ನು ಎರಡು ಬಗೆಯಲ್ಲಿ ನಡೆಸಿದರು: ಕೆಲವು ಶಾಲೆಗಳಲ್ಲಿ ಇದ್ದ ಶಿಕ್ಷಕರಿಂದ, ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ನೇಮಿಸಿದ, ವೈದ್ಯರಲ್ಲದ ಸಾಮಾನ್ಯ ಸಮಾಲೋಚಕರಿಂದ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಸಮಾಲೋಚಕರಿದ್ದ ಕಡೆ ಮಕ್ಕಳ ಖಿನ್ನತೆಯ ಲಕ್ಷಣಗಳು, ಪೀಡನೆ ಕಡಿಮೆಯಾದವು. ಶಿಕ್ಷಕರಿಗೇ ಒಪ್ಪಿಸಿದ ಕಡೆ ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ. ಎರಡನೆಯ ವರ್ಷಕ್ಕೆ ಪರಿಣಾಮ ಇನ್ನೂ ಹೆಚ್ಚಿತು. ಶಿಕ್ಷಕರದ್ದು ತಪ್ಪು ಎಂದು ಇದರ ಅರ್ಥವಲ್ಲ. ಪಾಠ, ಗಣತಿ, ಚುನಾವಣೆಗಳ ನಡುವೆ ಅವರಿಗೆ ಉಳಿಯುವ ಸಮಯವಾದರೂ ಎಷ್ಟು? ಈ ಅಧ್ಯಯನಕ್ಕೆ ಬೆಂಬಲವಾದ ಹಣದಲ್ಲಿ ಅಮೆರಿಕದ ದತ್ತಿಸಂಸ್ಥೆ ಮೆಕ್‌ಆರ್ಥರ್ ಫೌಂಡೇಶನ್‌ನದೂ ಇತ್ತು. ಮನೋವೈದ್ಯರು ಸಾಕಷ್ಟು ಆಗುವವರೆಗೆ ಕಾಯೋಣ ಎಂಬ ವಾದಕ್ಕೂ ಈ ಅಧ್ಯಯನವೇ ಉತ್ತರ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆ ಕಂಡುಬಂದಿತ್ತು. ಆ ಹೊತ್ತಿಗೆ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇರಲಿಲ್ಲ.

ಎಲ್ಲಕ್ಕಿಂತ ತೂಕದ ಆಕ್ಷೇಪ ಹಸಿವಿನದು. ಹೊಟ್ಟೆಗಿಲ್ಲದವರಿಗೆ ಸಮಾಲೋಚನೆ ಯಾಕೆ, ಆ ಹಣವನ್ನೇ ಮನೆಗೆ ಕೊಡಿ ಎಂಬ ಮಾತಿನಲ್ಲಿ ನ್ಯಾಯವಿದೆ. ಅಮೆರಿಕದ ನಾರ್ತ್ ಕೆರೊಲೈನಾದ ಚೆರೊಕಿ ಬುಡಕಟ್ಟಿನ ಕುಟುಂಬಗಳಿಗೆ 1996ರಿಂದ ಕ್ಯಾಸಿನೊ ಆದಾಯದಲ್ಲಿ ಪಾಲು ಸಿಗತೊಡಗಿತು. ಅಲ್ಲಿನ ಮಕ್ಕಳನ್ನು ಮೊದಲಿನಿಂದಲೂ ಗಮನಿಸುತ್ತಿದ್ದ ಸಂಶೋಧಕರು, ಬಡತನದಿಂದ ಮೇಲೆದ್ದ ಮನೆಗಳ ಮಕ್ಕಳಲ್ಲಿ ಹಟ, ಜಗಳ, ನಡವಳಿಕೆಯ ತೊಂದರೆಗಳು ಇಳಿದದ್ದನ್ನು ಕಂಡರು. ಆದರೆ ಆತಂಕ, ಖಿನ್ನತೆಗಳು ಹಾಗೆಯೇ ಉಳಿದಿದ್ದವು. ನಡವಳಿಕೆ ಸುಧಾರಿಸಿದ್ದಕ್ಕೂ ಅವರಿಗೆ ಕಂಡ ಮುಖ್ಯ ಕಾರಣ, ತಂದೆತಾಯಿಗೆ ಮಕ್ಕಳ ಮೇಲೆ ಕಣ್ಣಿಡಲು ಬಿಡುವು ದೊರೆತದ್ದು. ಅಂದರೆ ಹಣವೂ ಕೆಲಸ ಮಾಡಿದ್ದು ಮನುಷ್ಯರ ಸಮಯವಾಗಿ ಬದಲಾದಾಗಲೇ. ಅನ್ನ ಬೇಕು, ಮನೆಗೆ ಆಸರೆ ಬೇಕು. ಆಮೇಲೂ ಉಳಿಯುವ ನೋವಿಗೆ ಕಿವಿಗೊಡುವವರು ಬೇಕು.

ಇದೆಲ್ಲ ಸರ್ಕಾರದ ಹೊಣೆಯಲ್ಲವೇ? ಖಂಡಿತ ಹೌದು. ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಹಕ್ಕು ಎಂದು 2017ರ ಕಾಯ್ದೆ ಹೇಳಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು. ದತ್ತಿಹಣ ಇವುಗಳ ಜಾಗವನ್ನು ತುಂಬಲಾರದು, ತುಂಬಲೂಬಾರದು. ಸರ್ಕಾರ ಇನ್ನೂ ಮುಟ್ಟದ ಕೊಳೆಗೇರಿಗೆ, ವಲಸೆ ಕಾರ್ಮಿಕರ ಶೆಡ್ಡಿಗೆ, ಬಾಲಮಂದಿರಕ್ಕೆ ಅದು ಮೊದಲು ಹೋಗಬಹುದು. ಲೆಕ್ಕ ಕೇಳುವುದು ದಾನಿಯ ಹಕ್ಕು, ಕೇಳಲೇಬೇಕು. ಆದರೆ ಮೊದಲ ಭೇಟಿಯ ಬಳಿಕ ಎಷ್ಟು ಮಕ್ಕಳು ಮತ್ತೆ ಬಂದರು, ಸಮಾಲೋಚಕರಿಗೆ ಮಾರ್ಗದರ್ಶನ ಕೊಡುವ ಹಿರಿಯರು ಯಾರು, ಸಮಾಲೋಚಕರಲ್ಲಿ ಎಷ್ಟು ಜನ ವರ್ಷ ದಾಟಿಯೂ ಅಲ್ಲೇ ಉಳಿದಿದ್ದಾರೆ ಎಂದು ಕೇಳಿ. ಸಮಾಧಾನದ ಉತ್ತರ ಸಿಕ್ಕರೆ, ಕೊಠಡಿಗೆಂದು ತೆಗೆದಿಟ್ಟ ಹಣವನ್ನು ಒಬ್ಬ ಸಮಾಲೋಚಕಿಯ ಮೂರು ವರ್ಷದ ಸಂಬಳಕ್ಕೆ ಎಂದು ಬರೆದುಕೊಡಿ.